ಮೂರನೇ ಮಗ್ಗುಲು

ಮಡಿಕೇರಿ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗಾಳಿಬೀಡಿನ ಬೆಳ್ಯಪ್ಪನನ್ನು ಜನ ಜೀರುಂಡೆ ಬೆಳ್ಯಪ್ಪ ಎನ್ನುತ್ತಿದ್ದರು. ಹಾಗೆ ಹೆಸರಿಟ್ಟವರಿಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೆಂಗಳೂರಿನಲ್ಲಿ ತೂಕಕ್ಕೆ ಹಾಕಿದ ವೈರ್‌ಲೆಸ್ ಸೆಟ್ಟುಗಳ ವಾಲ್ವುಗಳನ್ನು ಅವನು ಹೊತ್ತು ತಂದು, ಟೀಪುಡಿ ತುಂಬಿ ಬರುವ ಪ್ಲೈವುಡ್ ಪೆಟ್ಟಿಗೆಯೊಂದರಲ್ಲಿ ಜೋಡಿಸಿ, ಮೇಲೊಂದು ತಿರುಗಣೆ ಕೂರಿಸಿ ತನ್ನದೇ ಒಂದು ವಾದ್ಯ ಮಾಡಿಕೊಂಡಿದ್ದ. ತಿರುಗಣೆಯನ್ನು ಮೆಲ್ಲಗೆ ತಿರುಗಿಸಿದರೆ ಅದು ಕ್ಲಾರಿನೆಟ್ಟಿನ ದನಿ ಕೊಡುತ್ತಿತ್ತು. ಸ್ವಲ್ಪ ಜೋರಾಗಿ ತಿರುಗಿಸಿದರೆ ಅಕ್ಕಪಕ್ಕದ ಅಂಗಡಿಯವರು ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬರುತ್ತಿದ್ದರು. ಮರದಲ್ಲಿ ಕೂತು ತಲೆ ತಿನ್ನುವ ಹುಳುವಿನ ಹೆಸರು ಅವನಿಗೆ ಬಂದದ್ದು ಹಾಗೆ.

ಈ ಪೆಟ್ಟಿಗೆಯ ದನಿಯ ಮೊದಲನೇ ಗ್ರಾಮಫೋನ್ ಪ್ಲೇಟು ಮದ್ರಾಸಿನಲ್ಲಿ ಅಚ್ಚಾಗಿ ಬಂದದ್ದು ಐವತ್ತೆಂಟರಲ್ಲಿ. ಒಂದು ಮಗ್ಗುಲಿಗೆ ಮದುವೆ ವಾಲಗದ ಕುಣಿತ, ಇನ್ನೊಂದು ಮಗ್ಗುಲಿಗೆ ಹುತ್ತರಿ ಕೋಲಾಟದ ಮಟ್ಟು. ಅದು ಓಡಿದ್ದೇ ಓಡಿದ್ದು. ಸೋಮವಾರಪೇಟೆಯಿಂದ ಗೋಣಿಕೊಪ್ಪಲಿನವರೆಗೆ ಯಾವ ಮದುವೆಮನೆಗೆ ಹೋದರೂ ಗ್ರಾಮಫೋನಿನ ಬಾಯಿಂದ ಬೆಳ್ಯಪ್ಪನ ಜೀರುಂಡೆಯೇ ಕೂಗುತ್ತಿತ್ತು. ಮೂಗು ಮುರಿದವರೆಲ್ಲ ಸೊಂಟಕ್ಕೆ ಶಾಲು ಬಿಗಿದು ಕುಣಿದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೇ ವರ್ಷವಾಗಿತ್ತು. ಸೇರಿದ್ದು ಸರಿಯೋ ತಪ್ಪೋ ಎಂದು ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಕಿತ್ತಾಡುತ್ತಿದ್ದವರು ಕೂಡ ಈ ಪ್ಲೇಟಿನ ವಿಷಯದಲ್ಲಿ ಒಂದಾಗಿದ್ದರು. ನಮ್ಮ ಜನರನ್ನು ಒಂದು ಮಾಡುವುದು ಅಷ್ಟು ಸುಲಭದ ಕೆಲಸವಲ್ಲ, ಅದನ್ನು ಬೆಳ್ಯಪ್ಪ ಮಾಡಿದ್ದ. ಎಲ್ಲರೂ ಅಂಥದೇ ಇನ್ನೊಂದು ಬೇಕೆಂದರು.

ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಹದಿಮೂರು ವರ್ಷದಿಂದ ಒಳಗೇ ಇದ್ದ ಒಂದು ಸಂಕಟ ಅದು.

ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ಆಮೇಲೆ ಯಾರಿಗೂ ಹೇಳಿ ಕಳಿಸುವ ಕೆಲಸವಿಲ್ಲ. ಒಂದು ಕೇಳಿದವರು ಯಾರ ಮನೆಯದಿರಬಹುದು ಎಂದು ಊಹಿಸಿ ನಗುತ್ತಾರೆ. ಎರಡು ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡುತ್ತಾರೆ. ಬೆಳ್ಯಪ್ಪನ ಅಪ್ಪ ಬೊಳ್ಳಪ್ಪ ತೀರಿಕೊಂಡದ್ದು ನಲವತ್ತೈದರ ಜನವರಿಯಲ್ಲಿ, ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ. ಹಿರಿಯ ಮಗ ಬೋಜಪ್ಪ ಮನೆಯ ಜೋಡುನಳಿಗೆ ಕೋವಿ ಹಿಡಿದು ಅಂಗಳಕ್ಕೆ ಇಳಿದು ಗುಂಡು ಹಾರಿಸಿದ. ಊರಿಗೆ ಊರೇ ಕೇಳಿಸಿಕೊಂಡಿತು. ಕಿರಿಯ ಮಗ ಬೆಳ್ಯಪ್ಪ ಆಗ ಬರ್ಮಾದ ಕಾಡಿನಲ್ಲಿ ಸೈನ್ಯದ ಸಿಗ್ನಲ್ಸ್ ದಳದಲ್ಲಿದ್ದ. ನೂರಾರು ಮೈಲಿ ಆಚೆಯ ದನಿಯನ್ನು ಗಾಳಿಯಲ್ಲಿ ಹಿಡಿಯುವ ಕೆಲಸ ಅವನದು. ಅಪ್ಪನ ಸುದ್ದಿ ಅವನ ಕೈಸೇರಿದ್ದು ಎರಡು ತಿಂಗಳ ಮೇಲೆ, ಅಣ್ಣ ಬರೆದ ನಾಲ್ಕು ಸಾಲಿನ ಕಾಗದದಲ್ಲಿ.

ಮರುವರ್ಷ ಊರಿಗೆ ಬಂದಾಗ ಅಳುವುದಕ್ಕೆ ಯಾರೂ ಜೊತೆಯಿರಲಿಲ್ಲ. ಎಲ್ಲರೂ ಅತ್ತು ಮುಗಿಸಿ ವರ್ಷವಾಗಿತ್ತು. ಅಪ್ಪ ಸತ್ತದ್ದು ಊರಿನ ಎಲ್ಲರಿಗೂ ಕಿವಿಯಿಂದ ಗೊತ್ತು, ತನಗೊಬ್ಬನಿಗೆ ಮಾತ್ರ ಕಾಗದದಿಂದ ಗೊತ್ತು ಎಂಬ ಒಂದು ವಿಚಿತ್ರ ನಾಚಿಕೆ ಅವನಿಗೆ ಹತ್ತಿಕೊಂಡಿತು. ಅಣ್ಣನ ಹತ್ತಿರ ಅದನ್ನು ಆಡುವಂತಿರಲಿಲ್ಲ. ಅಣ್ಣತಮ್ಮಂದಿರಲ್ಲಿ ಮನಸ್ತಾಪವೇನೂ ಇರಲಿಲ್ಲ. ಬೋಜಪ್ಪ ಹಿರಿಯರ ಮನೆಯಲ್ಲಿದ್ದ, ಬೆಳ್ಯಪ್ಪ ಮದುವೆಯಾದ ಮೇಲೆ ಗುಡ್ಡದ ಈಚೆ ಮನೆ ಕಟ್ಟಿಕೊಂಡಿದ್ದ, ಹಬ್ಬಹುಣ್ಣಿಮೆಗೆ ಕೂಡುತ್ತಿದ್ದರು. ಆದರೆ ಅಪ್ಪನ ಕೊನೆಯ ದಿನದ ಮಾತು ಬಂದರೆ ಬೋಜಪ್ಪ ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದ. ಕೆಲವು ಸಲ ಆದಮೇಲೆ ಬೆಳ್ಯಪ್ಪ ಆ ಮಾತು ಎತ್ತುವುದನ್ನೇ ಬಿಟ್ಟ.

ಇಂಗ್ಲೆಂಡಿಗೆ ವಾಪಸು ಹೊರಟ ಎಸ್ಟೇಟ್ ದೊರೆಯೊಬ್ಬ ಇಷ್ಟು ವರ್ಷ ತನ್ನ ರೇಡಿಯೊ ನೋಡಿಕೊಂಡ ವಿಶ್ವಾಸಕ್ಕೆ ಟೇಪ್ ರೆಕಾರ್ಡರನ್ನು ಬೆಳ್ಯಪ್ಪನಿಗೆ ಕೊಟ್ಟು ಹೋದ. ಆವತ್ತಿನಿಂದ ಅವನಿಗೆ ಒಂದೇ ಯೋಚನೆ. ತಾನು ಕೇಳದೆ ಹೋದ ಆ ಬೆಳಗನ್ನು ವಾಲ್ವಿನಿಂದ ಕಟ್ಟಬೇಕು. ಕಟ್ಟಿ, ಒಂದು ಸಲ ಕೂತು ಕೇಳಬೇಕು. ಭಾನುವಾರ ಅಂಗಡಿ ಮುಚ್ಚಿ ಗಾಳಿಬೀಡಿನಲ್ಲಿ ಮನೆಮನೆ ತಿರುಗಿದ. ಆ ದಿನ ಎಲ್ಲಿದ್ದಿರಿ, ಏನು ಕೇಳಿಸಿತು, ಮೊದಲು ಯಾವ ನಾಯಿ ಬೊಗಳಿತು, ಗುಂಡಿನ ಸದ್ದು ಯಾವ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಇಂಥದನ್ನೆಲ್ಲ ನಲವತ್ತು ದಾಟಿದ ಗಂಡಸು ಬಂದು ಕೇಳಿದರೆ ಜನ ಏನೆಂದುಕೊಂಡಾರು? ಆದರೂ ಸಂಕೋಚ ಮಾಡದೆ ಹೇಳಿದರು. ಮಂಜಿತ್ತು ಎಂದರು. ಕೊಯ್ಲಿನ ಹೆಂಗಸರು ಹಾಡುತ್ತಿದ್ದರು ಎಂದರು. ಎರಡು ಗುಂಡು ಕೇಳಿತು, ಓಡಿ ಬಂದೆವು ಎಂದರು. ಎಲ್ಲರೂ ಅಲ್ಲಿಗೆ ಬಂದು ಮಾತು ನಿಲ್ಲಿಸುತ್ತಿದ್ದರು. ಏನನ್ನೋ ಹಾರಿ ದಾಟಿದ ಹಾಗೆ ಅವನಿಗೆ ಅನಿಸುತ್ತಿತ್ತು.

ಹಾರದೆ ಹೇಳಿದವಳು ಹುಚ್ಚಮ್ಮ. ಇವರ ಮನೆಯಲ್ಲೇ ಕೂಲಿ ಮಾಡಿ ಮುದುಕಿಯಾದವಳು. ಸಾಯುವ ವಯಸ್ಸಾಯಿತು, ನನಗಿನ್ನು ಯಾರ ಹೆದರಿಕೆ ಎಂದು ಎಲೆಯಡಿಕೆ ಹಾಕಿಕೊಂಡು ಶುರು ಮಾಡಿದಳು. ಗುಂಡು ಎರಡೂ ಒಟ್ಟಿಗೆ ಹಾರಲಿಲ್ಲವಂತೆ. ಮೊದಲು ಒಂದು ಹಾರಿತು. ಎರಡನೆಯದು ಬರಲಿಲ್ಲ. ಬೋಜಪ್ಪನ ಹೆಂಡತಿ ದಮಯಂತಿ ಆಗ ದಿನ ತುಂಬಿದ ಬಸುರಿ. ಒಂದೇ ಗುಂಡು ಕೇಳಿದ ಹೊಲಗದ್ದೆಯ ಜನವೆಲ್ಲ ಆ ಮನೆಯಲ್ಲಿ ಗಂಡು ಹುಟ್ಟಿತು ಎಂದುಕೊಂಡರು.

“ಮೊದ್ಲು ಕೂಗಿದ್ದು ನಾನೇ ಸಣ್ಣಗೌಡ್ರೆ,” ಎಂದಳು ಹುಚ್ಚಮ್ಮ. “ಗಂಡು, ಗಂಡು ಅಂತ ಚಪ್ಪಾಳೆ ತಟ್ಟಿ ಕೂಗ್ದೆ. ಕೊಯ್ತಿದ್ದೋರೆಲ್ಲ ನಗಾಡಿದ್ರು. ಎಲೆ ಹಾಕಿ ಉಗಿಯೋವಷ್ಟು ಹೊತ್ತು ನಗಾಡಿದ್ವಿ. ಆಮೇಲೆ ಎರಡನೇದು ಹಾರ್ತು.”

ತೋಟೆ ಹಸಿಯಾಗಿತ್ತಂತೆ. ಯುದ್ಧದ ಕಾಲ, ಬಂದೂಕಿನ ತೋಟೆ ಒಳ್ಳೆಯದು ಸಿಗುತ್ತಿರಲಿಲ್ಲ. ಎರಡನೇ ನಳಿಗೆಯದು ಹೊತ್ತಿಕೊಳ್ಳದೆ ಬೋಜಪ್ಪ ಕೋವಿ ಮಡಚಿ ಬೇರೆ ತೋಟೆ ತುಂಬಬೇಕಾಯಿತು ಎಂದು ಅವನೇ ಬಂದವರಿಗೆ ಹೇಳಿದ್ದ. ಸಾವಿನ ಮನೆಗೆ ನಗುತ್ತಾ ಹೊರಟು ಅರ್ಧದಾರಿಯಲ್ಲಿ ಅಳಬೇಕಾಗಿ ಬಂದವರು ಅದನ್ನು ಮತ್ತೆ ಬಾಯಿಗೆ ತರಲಿಲ್ಲ. ಬೋಜಪ್ಪನ ಮರ್ಯಾದೆಯ ಪ್ರಶ್ನೆ, ತಮ್ಮದೂ ಹೌದು. ಎಂಟು ದಿನದ ಮೇಲೆ ದಮಯಂತಿಗೆ ಹೆರಿಗೆಯಾಯಿತು. ಹೆಣ್ಣು. ಹೆಣ್ಣಿಗೆ ಗುಂಡು ಹಾರಿಸುವ ರೂಢಿಯಿಲ್ಲ.

ಬೆಳ್ಯಪ್ಪ ಅಲ್ಲಿಂದ ಎದ್ದು ಬಂದವನು ಎರಡು ದಿನ ಅಂಗಡಿ ತೆಗೆಯಲಿಲ್ಲ. ಅಪ್ಪ ಒಳಗೆ ಹೆಣವಾಗಿ ಮಲಗಿದ್ದಾನೆ, ಹೊರಗೆ ಊರು ನಗುತ್ತಿದೆ. ಆ ಹೊತ್ತಿನಲ್ಲಿ ತಾನೂ ಬರ್ಮಾದಲ್ಲಿ ಯಾವುದೋ ಮಾತಿಗೆ ನಗುತ್ತಿದ್ದಿರಬಹುದು ಎಂದು ಅವನಿಗೆ ಅನಿಸಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ದಿನ ತಾನು ಊರಿನವರ ಜೊತೆಗೇ ಇದ್ದ ಹಾಗಾಯಿತು. ಅತ್ತ. ಅತ್ತು ಹಗುರಾದ.

ಎರಡು ಪ್ಲೇಟು, ನಾಲ್ಕು ಮಗ್ಗುಲು ಎಂದು ನಿಶ್ಚಯಿಸಿಕೊಂಡ. ಮೊದಲನೆಯದರಲ್ಲಿ ಮಂಜಿನ ಬೆಳಗು. ಎರಡನೆಯದರ ಕೊನೆಯಲ್ಲಿ ಒಂದು ಗುಂಡು, ಅದರ ಪ್ರತಿಧ್ವನಿ. ನಾಲ್ಕನೆಯದರಲ್ಲಿ ಎರಡನೇ ಗುಂಡು ಮತ್ತು ಓಡಿ ಬರುವ ಕಾಲುಗಳು. ನಡುವಿನ ಮೂರನೇ ಮಗ್ಗುಲು ಇಡೀ ಆ ಗುಂಡಿಗೂ ಈ ಗುಂಡಿಗೂ ಮಧ್ಯದ ಹೊತ್ತು. ಅದರಲ್ಲಿ ಪೆಟ್ಟಿಗೆ ಹೆಚ್ಚು ಕೂಗುವಂತಿಲ್ಲ. ದೂರದಲ್ಲಿ ನಗುವಿನಂಥ ಒಂದು ಸಣ್ಣ ಕಂಪನ, ಹತ್ತಿರದಲ್ಲಿ ಬರೀ ಮೌನ, ಆ ಮೌನದಲ್ಲಿ ಕೋವಿಯ ಸದ್ದು: ಕುದುರೆ ಎಳೆದದ್ದು, ಹಾರದ ತೋಟೆಯ ಟಕ್, ಕೋವಿ ಮಡಚಿದ್ದು, ಹೊಸ ತೋಟೆ ಜಾರಿದ್ದು, ಕೋವಿ ಮುಚ್ಚಿದ ಇನ್ನೊಂದು ಟಕ್. ಆ ಟಕ್‌ಗಾಗಿ ಅವನು ಮೂರು ವಾರ ಹೆಣಗಿದ. ಮಿಲಿಟರಿ ಸೆಟ್ಟಿನ ಒಂದು ಸ್ವಿಚ್ಚನ್ನು ಬಿಚ್ಚಿ, ಸ್ಪ್ರಿಂಗು ಸಡಿಲಿಸಿ, ಟೇಪಿನ ವೇಗ ಇಳಿಸಿ ಕೊನೆಗೆ ಸಾಧಿಸಿದ. ತೋಟೆ ಬದಲಿಸುವುದಕ್ಕೆ ಅಷ್ಟು ಹೊತ್ತು ಬೇಕೇ ಎಂಬ ಸಂಶಯ ಸೈನ್ಯದಲ್ಲಿದ್ದ ಅವನಿಗೆ ಒಂದು ಸಲ ಬಂತು. ಕೈ ನಡುಗಿರಬೇಕು ಎಂದುಕೊಂಡು ಆ ಸಂಶಯವನ್ನು ಅಲ್ಲೇ ಬಿಟ್ಟ.

ಅವನ ಹೆಂಡತಿ ಪೂವಮ್ಮ ಇಷ್ಟೆಲ್ಲವನ್ನೂ ನೋಡುತ್ತಾ ಇದ್ದವಳು ಟೇಪು ಮದ್ರಾಸಿಗೆ ಹೊರಟ ದಿನ ಒಂದು ಮಾತು ಕೇಳಿದಳು. ಊರಲ್ಲಿ ಎಲ್ಲರನ್ನೂ ಕೇಳಿದಿರಿ, ಗುಂಡು ಹಾರಿಸಿದವರನ್ನು ಕೇಳಿದಿರಾ ಎಂದು. ಬೆಳ್ಯಪ್ಪ, ಪ್ಲೇಟು ಬಂದ ಮೇಲೆ ಅಣ್ಣನಿಗೇ ಮೊದಲು ಕೊಡುತ್ತೇನೆ ಎಂದ. ಕೊಟ್ಟ ಕೂಡ. ಬೋಜಪ್ಪ ಅದನ್ನು ತೆಗೆದುಕೊಂಡು ಮೇಲಿನ ಚಿತ್ರ ನೋಡಿ, ಅಕ್ಕಿ ಪೆಟ್ಟಿಗೆಯ ಮೇಲೆ ಇಟ್ಟ.

ಅರವತ್ತರ ಸೆಪ್ಟೆಂಬರಿನಲ್ಲಿ ಜೋಡಿ ಪ್ಲೇಟು ಅಂಗಡಿಗಳಿಗೆ ಹೋಯಿತು. ಕುಣಿತ ಸಿಗುತ್ತದೆಂದು ಕೊಂಡವರು ಮನೆಗೆ ಒಯ್ದು, ಕೀಲಿ ಕೊಟ್ಟು, ಮುಳ್ಳು ಇಟ್ಟು, ಕಾದು ಕೂತರು. ಕುಣಿತ ಬರಲಿಲ್ಲ. ಸೋಮವಾರಪೇಟೆಯಲ್ಲಿ ಗ್ರಾಮಫೋನ್ ಅಂಗಡಿ ಇಟ್ಟಿದ್ದ ಶಿವಶಂಕರಪ್ಪ ಮೊದಲ ಸಂತೆ ಮುಗಿದ ಮರುದಿನವೇ ಬಸ್ಸು ಹತ್ತಿ ಮಡಿಕೇರಿಗೆ ಬಂದ. ಅವನ ಕಂಕುಳಲ್ಲಿ ಒಂಬತ್ತು ಜೊತೆ ಪ್ಲೇಟುಗಳಿದ್ದವು.

“ಮೂರನೇ ಮಗ್ಗಲು ಕೆಟ್ಟದೆ ಕಣ್ರೀ ಬೆಳ್ಯಪ್ನೋರೆ,” ಎಂದ. “ಏನೂ ಕೇಳಕಿಲ್ಲ. ಮುಳ್ಳು ಸವೀತದೆ ಅಷ್ಟೇಯ. ಜನ ತಂದು ಮುಖದ ಮ್ಯಾಲೆ ಬಿಸಾಕ್ತಾವ್ರೆ.”

ಕೆಟ್ಟಿಲ್ಲ, ಅದು ಇರುವುದೇ ಹಾಗೆ ಎಂದು ಬೆಳ್ಯಪ್ಪ ವಿವರಿಸಿದ. ಶಿವಶಂಕರಪ್ಪನ ಕಡೆಯವರಿಗೆ ಗುಂಡಿನ ಪದ್ಧತಿಯಿಲ್ಲ. ಒಂದು ಗುಂಡಿಗೂ ಎರಡು ಗುಂಡಿಗೂ ಏನು ವ್ಯತ್ಯಾಸವೆಂದು ಅವನಿಗೆ ಕೂರಿಸಿಕೊಂಡು ಹೇಳಬೇಕಾಯಿತು. ಎಲ್ಲ ಕೇಳಿ ಅವನು ಪಾಪ ಎಂದು ನಿಟ್ಟುಸಿರು ಬಿಟ್ಟ. ಆದರೂ ಸಾವಿನ ಸದ್ದನ್ನು ಯಾರಾದರೂ ಮನೆಗೆ ಕೊಂಡುಕೊಂಡು ಹೋಗುತ್ತಾರೆಯೇ ಎಂದು ಕೇಳಿ, ಪ್ಲೇಟುಗಳನ್ನು ಬೆಂಚಿನ ಮೇಲೆ ಜೋಪಾನವಾಗಿ ಇಟ್ಟು ಹೋದ.

ಮಡಿಕೇರಿಯಲ್ಲಿ ಎರಡು ಪಕ್ಷವಾಯಿತು. ಇದು ಸಂಗೀತವೇ ಅಲ್ಲ, ತಗಡಿನ ಡಬ್ಬಿಯಲ್ಲಿ ಹುಳು ಹಾಕಿ ಅಲ್ಲಾಡಿಸಿದ್ದು ಎಂದವರೇ ಹೆಚ್ಚು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಶಾಂತಪ್ಪ ಮೇಷ್ಟ್ರು ಮಾತ್ರ ಅಂಗಡಿಗೆ ಬಂದು, ನಿಂತೇ ನಾಲ್ಕೂ ಮಗ್ಗುಲು ಕೇಳಿ, ಮೂರನೆಯದನ್ನು ಮತ್ತೆ ಹಾಕಿಸಿಕೊಂಡರು. ಆ ಟಕ್ ಸದ್ದು ಬಂದಾಗ ತಮ್ಮ ಕೈಬೆರಳು ತಾನಾಗಿ ಬಗ್ಗಿತು, ಇಡೀ ಪ್ಲೇಟಿನ ಪ್ರಾಣ ಅಲ್ಲಿದೆ ಎಂದರು. ಅವರ ವಿದ್ಯಾರ್ಥಿಗಳು ನಾಲ್ಕು ಜನ ಕೊಂಡರು. ಅದೇ ಬೆಂಚಿನ ಮೇಲೆ ಕೂತವರು ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದರು. ಮೇಷ್ಟ್ರು ಅವರಿಗೆ ಕಿವಿ ಕೆಟ್ಟಿದೆ ಎಂದರು. ಮೈಸೂರು ರಾಜ್ಯದ ವಿಷಯಕ್ಕಿಂತ ಜೋರಾಗಿ ಜಗಳವಾಯಿತು.

ಪೇಟೆಯವರ ಜಗಳ ಬೆಳ್ಯಪ್ಪನಿಗೆ ನೋವು ತರಲಿಲ್ಲ, ಒಳಗೊಳಗೇ ಖುಷಿಯನ್ನೂ ಕೊಟ್ಟಿತು ಎನ್ನಬೇಕು. ಗಾಳಿಬೀಡಿನ ಮಾತೇ ಬೇರೆ. ಅಲ್ಲಿ ಅರ್ಥವಾಗಲಿಲ್ಲ ಎಂದವರು ಒಬ್ಬರೂ ಇಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಕೆಲವರು ಕೇಳಿ ಸೆರಗಿನಲ್ಲಿ ಕಣ್ಣೊರಸಿಕೊಂಡರು. ಕೆಲವರು ಎರಡನೇ ಮಗ್ಗುಲು ಮುಗಿದದ್ದೇ ಎದ್ದು ಹೋದರು. ಹಿರಿಯರ ಸಾವನ್ನು ಪ್ಲೇಟಿಗೆ ಹಾಕಿ ತಿರುಗಿಸಬಾರದು, ಅವರಿಗೆ ಶಾಂತಿ ಸಿಗುವುದಿಲ್ಲ ಎಂದರು. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಹದಿನೈದು ವರ್ಷ ಬಾಯಿ ಕಟ್ಟಿಕೊಂಡಿದ್ದ ಜನ ಪ್ಲೇಟು ಬಂದ ಮೇಲೆ ಬಾಯಿ ಬಿಟ್ಟರು. ಹಸಿ ತೋಟೆಯ ಕತೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಕೊಯ್ಲಿನ ಸಾಲಿನಲ್ಲಿ ಓಡಾಡಿತು. ಸಾವಿನ ಗುಂಡು ಹಾರಿಸುವುದಕ್ಕೂ ಬಾರದ ಹಿರಿಮಗ ಎಂದು ಎಲ್ಲೋ ಯಾರೋ ನಕ್ಕದ್ದು ಬೋಜಪ್ಪನ ಕಿವಿಗೆ ಬಿತ್ತು.

ಅವನು ನವೆಂಬರಿನ ಒಂದು ಬೆಳಿಗ್ಗೆ ಮಡಿಕೇರಿಗೆ ಬಂದ. ಅಂಗಡಿಯ ಒಳಗೆ ಕಾಲಿಡಲಿಲ್ಲ, ಕೂರೆಂದರೂ ಕೂರಲಿಲ್ಲ. ರಸ್ತೆಯಲ್ಲಿ ನಿಂತೇ ತಮ್ಮನ ಮುಖ ನೋಡಿದ.

“ಹುತ್ತರಿಗೆ ನೀ ಬಾದ್ ಬೇಡ,” ಎಂದ. ಅಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಹೊಸ ಬತ್ತದ ಕದಿರು ಮನೆತುಂಬಿಸುವ ಹುತ್ತರಿಗೆ ಹಿರಿಯರ ಮನೆಯಲ್ಲಿ ಕುಟುಂಬದವರೆಲ್ಲ ಸೇರಬೇಕು. ಎಲ್ಲಿದ್ದರೂ ಬರಬೇಕು. ಬೇಡವೆಂದು ಹೇಳಿಸಿಕೊಂಡವನು ಆ ಮನೆಯವನೇ ಅಲ್ಲ ಎಂದು ಲೆಕ್ಕ. ಬೆಳ್ಯಪ್ಪ ಯುದ್ಧದ ನಾಲ್ಕು ವರ್ಷ ಬಿಟ್ಟರೆ ಒಂದು ಹುತ್ತರಿಯನ್ನೂ ತಪ್ಪಿಸಿದವನಲ್ಲ. ಅವನಿಗೆ ಊಟ ಸೇರದಾಯಿತು. ಅಪ್ಪನನ್ನು ಹತ್ತಿರ ಮಾಡಿಕೊಳ್ಳುವುದಕ್ಕೆ ಹೋಗಿ ಅಣ್ಣನನ್ನು ಕಳೆದುಕೊಂಡೆ ಎಂದು ಪೂವಮ್ಮನ ಮುಂದೆ ಹೇಳಿಕೊಂಡು ಒದ್ದಾಡಿದ. ಅಣ್ಣ ಒಂದು ಸಲ ಪೂರ್ತಿ ಕೇಳಿದರೆ ಸಾಕು, ನಾನು ನಗಿಸುವುದಕ್ಕೆ ಮಾಡಿದ್ದಲ್ಲ ಎಂದು ಗೊತ್ತಾಗುತ್ತದೆ ಎನ್ನುವುದೊಂದೇ ಅವನ ಆಸೆ. ಬೋಜಪ್ಪ ಆ ಪ್ಲೇಟನ್ನು ಇನ್ನೂ ಕೇಳಿಯೇ ಇರಲಿಲ್ಲ. ಊರಿನವರು ಆಡಿದ್ದನ್ನಷ್ಟೇ ಕೇಳಿದ್ದ.

ಹುತ್ತರಿಗೆ ನಾಲ್ಕು ದಿನವಿರುವಾಗ ಮಧ್ಯಾಹ್ನದ ಊಟದ ಹೊತ್ತಿಗೆ ಬೆಳ್ಯಪ್ಪ ತನ್ನ ಗ್ರಾಮಫೋನನ್ನು ಹೊತ್ತುಕೊಂಡು ಹಿರಿಯರ ಮನೆಗೆ ಹೋದ. ಬೋಜಪ್ಪ ಜಗುಲಿಯ ಮೇಲೆ ಕೂತು ಹೊಸ ಕುಕ್ಕೆ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ. ಬೆಳ್ಯಪ್ಪ ಅಂಗಳದಲ್ಲೇ ನಿಂತು, ಒಂದು ಸಲ ಕೇಳು, ಕೇಳಿದ ಮೇಲೆ ಹೋಗು ಅಂದರೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದ. ಬೋಜಪ್ಪ ಬೆತ್ತದ ಸೀಳನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಆಗ ಒಳಗಿನಿಂದ ದಮಯಂತಿ ಬಂದಳು. ಅಕ್ಕಿ ಪೆಟ್ಟಿಗೆಯ ಮೇಲಿದ್ದ ಪ್ಲೇಟಿನ ಜೋಡಿ ಅವಳ ಕೈಯಲ್ಲಿತ್ತು.

“ಬಯ್ಯೊಕಾರೆ ಕೇಳಿಕಂಡ್ ಬಯ್ಯಿ,” ಎಂದು ಗಂಡನಿಗೆ ಹೇಳಿ, ಪ್ಲೇಟನ್ನು ಮೈದುನನ ಕೈಗೆ ಕೊಟ್ಟಳು.

ಬೆಳ್ಯಪ್ಪ ಜಗುಲಿಯ ಮೇಲೆ ಗ್ರಾಮಫೋನ್ ಇಟ್ಟು ಕೀಲಿ ಕೊಟ್ಟ. ಮೊದಲ ಮಗ್ಗುಲು ಮುಗಿಯಿತು. ಬೋಜಪ್ಪ ಕುಕ್ಕೆ ಹೆಣೆಯುತ್ತಲೇ ಇದ್ದ. ಎರಡನೆಯದರ ಗುಂಡು ಹಾರಿದಾಗ ಅವನ ಕೈ ನಿಂತಿತು. ಬೆಳ್ಯಪ್ಪ ಅವಸರದಲ್ಲಿ ಪ್ಲೇಟು ಬದಲಿಸಿ ಮುಳ್ಳು ಇಟ್ಟ. ದೂರದ ನಗು ಬಂತು. ದಮಯಂತಿ ಕಂಬ ಹಿಡಿದುಕೊಂಡು ನಿಂತಿದ್ದಳು. ಬೋಜಪ್ಪನ ಮುಖ ಸಡಿಲವಾಯಿತು, ತುಟಿ ಸ್ವಲ್ಪ ತೆರೆಯಿತು. ಅಣ್ಣ ಈಗ ಅಳುತ್ತಾನೆ ಎಂದು ಬೆಳ್ಯಪ್ಪನಿಗೆ ಅನಿಸಿತು. ಆಗ ಟಕ್ ಎಂದಿತು. ಕೋವಿ ಮಡಚಿದ ಸದ್ದು, ತೋಟೆ ಜಾರಿದ ಸದ್ದು, ಇನ್ನೊಂದು ಟಕ್.

ಬೋಜಪ್ಪ ಕೈ ಚಾಚಿ ಮುಳ್ಳನ್ನು ಎತ್ತಿಬಿಟ್ಟ. ಎದ್ದು ಅಂಗಳಕ್ಕೆ ಇಳಿದ. ಬೆಳ್ಯಪ್ಪ ಹಿಂದೆಯೇ ಹೋದ. ದಮಯಂತಿ ಬರಲಿಲ್ಲ. ಅಂಗಳದ ತುದಿಯಲ್ಲಿ, ಗದ್ದೆ ಕಾಣುವಲ್ಲಿ ನಿಂತು ಬೋಜಪ್ಪ ಮಾತಾಡಿದ. ತಮ್ಮನ ಕಡೆ ತಿರುಗಲಿಲ್ಲ.

“ತೋಟೆ ಚಂಡಿ ಆಗಿತ್ಲೆ,” ಎಂದ.

ಬೆಳ್ಯಪ್ಪನಿಗೆ ತಕ್ಷಣ ತಿಳಿಯಲಿಲ್ಲ. ಹಸಿಯಾಗಿರಲಿಲ್ಲವೆಂದರೆ ಮತ್ತೇನು ಎಂದು ಕೇಳಿದ. ಬೋಜಪ್ಪ ನಿಧಾನವಾಗಿ, ಒಂದೊಂದೇ ಮಾತು ಹುಡುಕಿ ಹೇಳಿದ. ಎರಡೂ ನಳಿಗೆಯಲ್ಲಿ ಒಳ್ಳೆಯ ತೋಟೆಗಳೇ ಇದ್ದವು. ಒಂದು ಹಾರಿಸಿದ. ಬೆರಳು ಎರಡನೇ ಕುದುರೆಯ ಮೇಲೆ ಇತ್ತು. ಅಷ್ಟರಲ್ಲಿ ಗದ್ದೆಯ ಆಚೆಯಿಂದ ಹುಚ್ಚಮ್ಮ ಗಂಡು ಗಂಡು ಎಂದು ಕೂಗಿದ್ದು ಕೇಳಿಸಿತು. ಜನ ನಕ್ಕದ್ದು ಕೇಳಿಸಿತು.

“ನಗ್ಲಿ ತೇಳಿ ಕಂಡತ್,” ಎಂದ ಬೋಜಪ್ಪ. “ಎರಡ್ನೇದ್ ಹಾರುವರೆಗೆ ಊರಿಗೆ ಅಪ್ಪ ಸತ್ತಿತ್ಲೆ. ಬರ್ಮಾಲಿ ನಿಂಗೂ ಸತ್ತಿತ್ಲೆ. ನಂಗೆ ಬೆರಳ್ ಬಗ್ಗಿತ್ಲೆ.”

ಅವರು ನಗಲಿ ಎಂದು ಕುದುರೆ ಎಳೆಯದೆ ಎಷ್ಟು ಹೊತ್ತು ನಿಂತಿದ್ದನೋ ಅವನಿಗೇ ಗೊತ್ತಿಲ್ಲ. ತುಂಬು ಬಸುರಿ ದಮಯಂತಿ ಬಾಗಿಲಿಗೆ ಬಂದು ಅವನ ಮುಖ ನೋಡಿದ ಮೇಲೆ ಹಾರಿಸಿದ. ಜನ ಬಂದು ಏನಾಯಿತೆಂದು ಕೇಳಿದಾಗ ತೋಟೆ ಹಸಿ ಎಂಬ ಮಾತು ಬಾಯಿಗೆ ಬಂತು. ಹೊರಟ ಜೀವವನ್ನು ಹೊಸ್ತಿಲಲ್ಲಿ ಕಾಯಿಸಿದ ಮಗ ಎಂದು ಹೇಳಿಸಿಕೊಳ್ಳುವುದಕ್ಕಿಂತ ತೋಟೆ ಒಣಗಿಸಿಡಲು ಬಾರದ ದಡ್ಡ ಎಂದು ಹೇಳಿಸಿಕೊಳ್ಳುವುದು ಮೇಲು ಎನಿಸಿತು. ಎರಡನೇ ಗುಂಡನ್ನು ತಡಮಾಡಿ ಹಾರಿಸಿದರೆ ಸತ್ತವರು ದಾರಿಯಲ್ಲಿ ನಿಂತುಬಿಡುತ್ತಾರೆ ಎಂದು ಹಿರಿಯರು ಹೇಳುತ್ತಿದ್ದುದನ್ನು ಅವನು ನಂಬಿದ್ದ. ಹದಿನೈದು ವರ್ಷ ಪ್ರತಿ ಹುತ್ತರಿಗೂ ಅಪ್ಪನಿಗೆ ಎಡೆ ಇಡುವಾಗ ಒಳಗೊಳಗೇ ಹೆದರಿದ್ದ. ಪ್ಲೇಟು ಬಂದ ಮೇಲೆ ಜನ ನಕ್ಕದ್ದಕ್ಕೆ ತನಗೆ ಸಿಟ್ಟು ಬಂದದ್ದೇನೋ ನಿಜ. ಆದರೆ ಈಗ ಕೇಳಿದ ಮೇಲೆ ಬೇರೆಯೇ ಸಂಕಟ ಎಂದ. ಆ ಹೊತ್ತಿನಲ್ಲಿ ತನ್ನ ಕೈಯಿಂದ ಒಂದು ಸದ್ದೂ ಹೊರಟಿರಲಿಲ್ಲ. ತಾನು ಆಡಿದ ಸುಳ್ಳಿಗೆ ಇವನು ಸದ್ದು ಮಾಡಿಕೊಟ್ಟಿದ್ದಾನೆ. ಇನ್ನು ಕೆಲವು ವರ್ಷಕ್ಕೆ ತನಗೂ ಹಾಗೇ ನೆನಪಾಗಬಹುದು.

ಬೆಳ್ಯಪ್ಪ ಮೂರು ವಾರ ಹೆಣಗಿ ಸಾಧಿಸಿದ್ದು, ಮೇಷ್ಟ್ರು ಪ್ರಾಣವೆಂದದ್ದು, ಅದೊಂದೇ ಸುಳ್ಳು. ಉಳಿದದ್ದೆಲ್ಲ ನಿಜ. ಅವನು ಅಣ್ಣನ ತೋಳು ಹಿಡಿದುಕೊಂಡು, ಉಳಿದ ಪ್ಲೇಟುಗಳನ್ನೆಲ್ಲ ಒಡೆದು ಹಾಕುತ್ತೇನೆ, ಟೇಪಿನಿಂದ ಆ ಸದ್ದು ತೆಗೆದು ಬೇರೆ ಅಚ್ಚು ಹಾಕಿಸುತ್ತೇನೆ ಎಂದ.

“ಬೇಡ,” ಎಂದ ಬೋಜಪ್ಪ. “ಯಾಕೆ ತೆಗ್ದ ತೇಳಿ ಕೇಳುವೆ.”

ಯಾಕೆ ತೆಗೆದೆಯೆಂದು ಜನ ಕೇಳುತ್ತಾರೆ ಎನ್ನುವುದು ನಿಜವೇ. ಒಡೆದರೂ ಕೇಳುತ್ತಾರೆ, ತಿದ್ದಿದರೂ ಕೇಳುತ್ತಾರೆ. ಎದುರಿನ ಗದ್ದೆಯಲ್ಲಿ ಬತ್ತ ಹಣ್ಣಾಗಿತ್ತು. ಊಟ ಮಾಡಿಕೊಂಡು ಹೋಗು ಎಂದು ಬೋಜಪ್ಪ ಹೇಳಿದ. ಹುತ್ತರಿಗೆ ಬಾ ಎಂದು ಬೇರೆಯಾಗಿ ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ.

ಹುತ್ತರಿಯ ಮರುದಿನ ಮಧ್ಯಾಹ್ನ ನಂಟರೆಲ್ಲ ಹೊಸ ಅಕ್ಕಿಯ ಪಾಯಸ ಉಂಡು ಜಗುಲಿಯಲ್ಲಿ ಒರಗಿದ್ದರು. ಅಣ್ಣತಮ್ಮಂದಿರು ರಾಜಿಯಾದದ್ದನ್ನು ಕಂಡು ಎಲ್ಲರಿಗೂ ಸಮಾಧಾನವಾಗಿತ್ತು. ಆ ಸಮಾಧಾನದಲ್ಲೇ ಯಾರೋ ಪ್ಲೇಟು ಹಾಕಿ ಎಂದರು. ಬೆಳ್ಯಪ್ಪ ಬೇಡವೆಂದ. ಬೋಜಪ್ಪ ತಾನೇ ಎದ್ದು ಕೀಲಿ ಕೊಟ್ಟ. ಮೊದಲು ಎದ್ದು ಹೋಗಿದ್ದವರು ಈ ಸಲ ಕೂತು ಕೇಳಿದರು. ಹುಚ್ಚಮ್ಮ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮೂರನೇ ಮಗ್ಗುಲಿಗೆ ಬರುವಾಗ ಯಾರೂ ಕೆಮ್ಮಲಿಲ್ಲ. ದೂರದ ನಗು ಬಂತು. ಬೆಳ್ಯಪ್ಪ ನೆಲ ನೋಡುತ್ತಾ, ಮುಂದೆ ಬರುವುದಕ್ಕೆ ಹಲ್ಲು ಕಚ್ಚಿ ಕೂತ. ಟಕ್ ಎಂದಿತು. ಜಗುಲಿಯ ಮೇಲಿದ್ದ ಅಷ್ಟೂ ಜನರಿಂದ ಒಟ್ಟಿಗೆ ಒಂದು ಉಸಿರು ಹೊರಟಿತು. ಪಾಪ, ಹಸಿ ತೋಟೆ, ಅವನಾದರೂ ಏನು ಮಾಡಿಯಾನು ಎಂದು ಚಿಕ್ಕಪ್ಪ ಮಾಯಿಲಪ್ಪ ಬೋಜಪ್ಪನ ಬೆನ್ನು ಸವರಿದ. ಮೊನ್ನೆ ಮೊನ್ನೆ ನಕ್ಕವರು, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡವರು ಎಲ್ಲರೂ ಅವನನ್ನು ಕರುಣೆಯಿಂದ ನೋಡಿದರು. ಹೀಗೇ ಇತ್ತಾ ಎಂದು ಒಬ್ಬರು ಕೇಳಿದರು.

“ಹಿಂಗೇ ಇತ್ತ್,” ಎಂದ ಬೋಜಪ್ಪ.

ನಾಲ್ಕನೇ ಮಗ್ಗುಲು ಮುಗಿದ ಮೇಲೆ ಮಾಯಿಲಪ್ಪ ಕಣ್ಣೊರಸಿಕೊಂಡು ಬೆಳ್ಯಪ್ಪನ ಹತ್ತಿರ ಬಂದು ಕೂತ. ಮೊದಲ ಸಲ ಈ ಪ್ಲೇಟನ್ನು ಬೈದವರಲ್ಲಿ ಅವನೇ ಮುಂದಿದ್ದ. ನಾವೆಲ್ಲ ಇಲ್ಲೇ ಇದ್ದವರು, ನಮಗೇ ಆ ಕೋವಿಯ ಸದ್ದು ಕೇಳಿರಲಿಲ್ಲ. ನೀನು ಅಷ್ಟು ದೂರ ಇದ್ದವನು, ಅದನ್ನು ಅಷ್ಟು ಸರಿಯಾಗಿ ಹೇಗೆ ಹಿಡಿದೆ ಎಂದು ಕೇಳಿದ. ಎಲ್ಲರೂ ಉತ್ತರಕ್ಕೆ ತಿರುಗಿದರು. ಬೋಜಪ್ಪ ಮಾತ್ರ ಪ್ಲೇಟನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

ಅಣ್ಣ ಹೇಳಿದ ಹಾಗೆ ಮಾಡಿದೆ ಎಂದ ಬೆಳ್ಯಪ್ಪ.